ಚಳಿ ಬಿದ್ದ ಬೆಳಗಿನ ಹುಲ್ಲು

ಅಜ್ಜಿ ಬದುಕಿಕೊಂಡಳು. ಅದನ್ನು ಮೊದಲೇ ಹೇಳಿಬಿಡ್ತೀನಿ. ಇಲ್ಲದಿದ್ದರೆ ನೀವು ಕೊನೆಯವರೆಗೂ ಅವಳಿಗೇನಾಯ್ತು ಅಂತಲೇ ಚಡಪಡಿಸ್ತಾ ಕೂತಿರ್ತೀರಿ, ನಾನು ಹೇಳಬೇಕಾದ್ದು ನಿಮ್ಮ ಕಿವಿಗೇ ಬೀಳಲ್ಲ. ಅಜ್ಜಿ ಅಂದರೆ ನಮ್ಮ ಲಾಯದ ಮುದಿ ಕುದುರೆ. ಇಪ್ಪತ್ತೆರಡು ವರ್ಷದ ಕಂದು ಹೆಣ್ಣು, ಹೊಟ್ಟೆ ಪೀಪಾಯಿ, ಸ್ವಭಾವ ರಿಟೈರಾದ ಟೀಚರದ್ದು. ಊರಿನ ಅರ್ಧ ಮಕ್ಕಳು ಸವಾರಿ ಕಲಿಯೋಕೆ ಮೊದಲು ಹತ್ತಿದ್ದು ಅವಳ ಬೆನ್ನನ್ನೇ. ಒಬ್ಬರನ್ನೂ ಬೀಳಿಸಿದವಳಲ್ಲ. ಮೇಲಿರೋ ಮಗು ಜಾರ್ತಿದೆ ಅನ್ನಿಸಿದರೆ ತಾನೇ ನಿಂತುಬಿಡ್ತಿದ್ದಳು, ಹಿಂದಕ್ಕೆ ತಿರುಗಿ ಒಂದು ಸಲ ಬುಸ್ ಅಂತಿದ್ದಳು, ಅಷ್ಟೇ.

ಆದರೆ ಇದು ಅವಳ ಕಥೆ ಅಲ್ಲ, ಚಿಕ್ಕಪ್ಪನಿಗೆ ನಾನು ಮಾಡಿದ್ದರ ಕಥೆ. ನಾನು ಸುಮ್ಮನಿರೋ ಹೆಂಗಸಲ್ಲ. ಕೋಪ ಮೂಗಿನ ತುದಿಯಲ್ಲೇ ಇರುತ್ತೆ, ಬಾಯಿಯಂತೂ ಕೇಳಲೇಬೇಡಿ. ಬೆನ್ನ ಹಿಂದೆ ಲಾಯದವರು ನನಗೆ ‘ಹೆಡ್‌ಮೇಡಂ’ ಅಂತ ಹೆಸರಿಟ್ಟಿದ್ದೂ ಗೊತ್ತು. ಆಗ ನಾನು ಲಾಯದ ಉಸ್ತುವಾರಿ. ಈಗ ಆ ಪಟ್ಟ ಹೋಗಿದೆ, ಲದ್ದಿ ಬಾಚ್ತೀನಿ. ಸರಿಯಾಗೇ ಆಯ್ತು. ಬಾಯಿ ತೆಗೆಯಲೇಬೇಕಾಗಿದ್ದ ಹನ್ನೊಂದು ದಿನ ಈ ಜೋರು ಬಾಯಿ ಎಲ್ಲಿ ಸತ್ತುಹೋಗಿತ್ತೋ ಅಂತ ಇವತ್ತಿಗೂ ನನ್ನನ್ನು ನಾನೇ ಕೇಳಿಕೊಳ್ತೀನಿ.

ಚಿಕ್ಕಪ್ಪ ನಮ್ಮಪ್ಪನ ತಮ್ಮ, ಅರವತ್ತೇಳು ವರ್ಷ. ಅಣ್ಣ ತಮ್ಮ ಇಬ್ಬರೂ ಇದೇ ಲಾಯದಲ್ಲಿ ಕುದುರೆ ನೋಡಿಕೊಂಡೇ ತಲೆ ಬೆಳ್ಳಗೆ ಮಾಡಿಕೊಂಡವರು. ಅಪ್ಪ ಕೊನೆಯ ಎರಡು ವರ್ಷ ಯಾರನ್ನೂ ಗುರುತು ಹಿಡೀತಿರಲಿಲ್ಲ. ಅವರಿಗೆ ಸ್ನಾನ ಮಾಡಿಸಿ, ಗಡ್ಡ ತೆಗೆದು, ತುತ್ತು ಬಾಯಿಗಿಟ್ಟವರು ಚಿಕ್ಕಪ್ಪ. ನನ್ನನ್ನು ಈ ಕೆಲಸಕ್ಕೆ ಸೇರಿಸಿದವರೂ ಅವರೇ. ಆಮೇಲೆ ನಾನು ಒಂದು ವರ್ಷ ತರಬೇತಿಗೆ ಹೋಗಿ, ಸರ್ಟಿಫಿಕೇಟ್ ಹಿಡಿದು ಬಂದು, ಅವರಿಗೇ ಮೇಲಿನವಳಾದೆ. ಅವರಿಗೆ ಅದರಲ್ಲಿ ಒಂದಿಷ್ಟೂ ಬೇಜಾರಿರಲಿಲ್ಲ. ‘ನಮ್ಮ ಹುಡುಗಿ ಹೇಳಿದ ಹಾಗೆ’ ಅಂತ ಎಲ್ಲರೆದುರು ಎದೆ ಉಬ್ಬಿಸಿಕೊಂಡೇ ಹೇಳೋರು. ಅಸಹನೆ ಇದ್ದದ್ದು ನನಗೆ. ಅವರು ಓದುವಾಗ ತುಟಿ ಅಲ್ಲಾಡಿಸ್ತಾ ಒಂದೊಂದೇ ಅಕ್ಷರ ಕೂಡಿಸ್ತಾರೆ. ಪಕ್ಕದಲ್ಲಿ ನಿಂತು ನೋಡಿದರೆ ನನಗೆ ಪಿತ್ತ ನೆತ್ತಿಗೇರ್ತಿತ್ತು.

ಹೋದ ವರ್ಷ ಅಜ್ಜಿಗೆ ಗೊರಸಿನ ಬೇನೆ ಬಂತು. ಮನುಷ್ಯರಿಗೆ ಸಿಹಿ ಹೆಚ್ಚಾದರೆ ಹಲ್ಲು ಹಾಳಾಗುತ್ತೆ, ಹೊಟ್ಟೆ ಬರುತ್ತೆ. ಇಂಥ ಕುದುರೆಗೆ ಕೆಡೋದು ಕಾಲು. ಗೊರಸಿನ ಒಳಗೆ ಮೂಳೆಯನ್ನು ಹಿಡಿದುಕೊಂಡಿರೋ ಪದರ ಬಾತುಕೊಂಡು, ಬಿಸಿಯಾಗಿ, ಬಿಟ್ಟುಕೊಳ್ಳೋಕೆ ಶುರುವಾಗುತ್ತೆ. ಜೋರಾದರೆ ಮೂಳೆ ಒಳಗೇ ತಿರುಗಿಬಿಡುತ್ತೆ, ಆಮೇಲೆ ಉಳಿಯೋ ದಾರಿ ಇಂಜೆಕ್ಷನ್ ಒಂದೇ. ಆ ಸಲ ಅಷ್ಟು ಜೋರಾಗಲಿಲ್ಲ. ಸಂಜೆ ಹೊತ್ತು ಸೊಂಪಾದ ಹುಲ್ಲಿಗೆ ಬಿಟ್ಟಿದ್ದೇ ಕಾರಣ ಅಂದರು ಡಾಕ್ಟರಮ್ಮ, ಅಂದರೆ ನಮ್ಮ ಕುದುರೆಗಳನ್ನು ನೋಡೋ ವೈದ್ಯೆ. ಹುಲ್ಲಿನಲ್ಲಿ ಸಕ್ಕರೆ ಎಲ್ಲಿಂದ ಬಂತು ಅಂತ ಚಿಕ್ಕಪ್ಪ ಕೇಳಿದರು. ಡಾಕ್ಟರಮ್ಮ ನಮ್ಮಿಬ್ಬರನ್ನೂ ಬೇಲಿಯ ಹತ್ತಿರ ಕರೆದುಕೊಂಡು ಹೋಗಿ, ಒಂದು ಎಸಳು ಕಿತ್ತು ಕೈಯಲ್ಲಿಟ್ಟು, ಪಾಠ ಶುರುಮಾಡಿದರು.

ಎಲೆ ಅಂದರೆ ಒಂದು ಅಡುಗೆಮನೆ ಅಂದುಕೊಳ್ಳಿ ಅಂದರು. ಬಿಸಿಲು ಬಂತು ಅಂದರೆ ಒಲೆ ಹೊತ್ತಿತು. ಗಾಳಿಯನ್ನೂ ನೀರನ್ನೂ ಸೇರಿಸಿ ಸಕ್ಕರೆ ಬೇಯಿಸ್ತಾ ಹೋಗುತ್ತೆ. ಒಂದಷ್ಟನ್ನು ಬೇರಿಗೆ, ಚಿಗುರಿಗೆ ಕಳಿಸುತ್ತೆ, ಮಿಕ್ಕಿದ್ದನ್ನು ಎಲೆಯಲ್ಲೇ ಎತ್ತಿಡುತ್ತೆ. ಡಬ್ಬಿ ತುಂಬ್ತಾ ಬಂದ ಹಾಗೆ ಒಲೆಯ ಉರಿಯನ್ನೂ ತಾನೇ ಸಣ್ಣ ಮಾಡುತ್ತೆ. ಸಂಜೆ ಹೊತ್ತಿಗೆ ಎಲೆಯ ತುಂಬಾ ಸಕ್ಕರೆ. ಕತ್ತಲಾದ ಮೇಲೆ ಅಡುಗೆ ಇಲ್ಲ, ಎತ್ತಿಟ್ಟಿದ್ದನ್ನೇ ತಿಂದು ಬೆಳೀಬೇಕು. ಹಾಗಂತ ಬೇಕಾಬಿಟ್ಟಿ ಖರ್ಚು ಮಾಡಲ್ಲ. ಬೆಳಗಾಗೋಕೆ ಇನ್ನೆಷ್ಟು ಹೊತ್ತಿದೆ ಅನ್ನೋ ಅಂದಾಜು ಅದಕ್ಕಿದೆ. ರಾತ್ರಿ ಉದ್ದವಾಗಿದ್ದರೆ ಕೈ ಹಿಡಿದು ಬಳಸುತ್ತೆ, ಗಿಡ್ಡವಾಗಿದ್ದರೆ ಕೈ ಬಿಚ್ಚಿ ಬಳಸುತ್ತೆ, ಅಂತೂ ಸೂರ್ಯ ಬರೋ ಹೊತ್ತಿಗೆ ಡಬ್ಬಿ ಹೆಚ್ಚುಕಮ್ಮಿ ಖಾಲಿ. ಹಾಗಾಗಿ ಅಜ್ಜಿಯನ್ನು ಮೇಯಿಸೋದಾದರೆ ಬೆಳಕು ಹರಿಯುವಾಗ ಬಿಟ್ಟು ಬಿಸಿಲೇರೋದರೊಳಗೆ ಒಳಗೆ ತರಬೇಕು ಅಂದರು.

ಚಿಕ್ಕಪ್ಪನಿಗೆ ಇದು ತುಂಬಾ ಹಿಡಿಸಿತು. ಆ ಎಸಳನ್ನು ಮನೆಗೆ ತಗೊಂಡು ಹೋಗಿ ಚಿಕ್ಕಮ್ಮನಿಗೆ ತೋರಿಸ್ತೀನಿ, ನಿನಗಿಂತ ಚೆನ್ನಾಗಿ ಮನೆ ನಡೆಸುತ್ತೆ ನೋಡು ಅಂತ ಹೇಳ್ತೀನಿ ಅಂದರು. ಹೇಳಿದರೆ ರಾತ್ರಿ ಊಟವೂ ಅದೇ ಹುಲ್ಲೇ ಅಂದೆ ನಾನು. ನಗ್ತಾ ಇರುವಾಗಲೇ ಲಾಯದಿಂದ ಯಾರೋ ಕೂಗಿದರು, ಎಸಳನ್ನು ಜೇಬಿಗಿಟ್ಟುಕೊಂಡು ಅತ್ತ ಓಡಿದರು. ಹಾಗಾಗಿ ಡಾಕ್ಟರಮ್ಮ ಆಮೇಲೆ ಹೇಳಿದ್ದು ನನ್ನೊಬ್ಬಳ ಹತ್ತಿರ.

ಹಗಲು ಚೆನ್ನಾಗಿ ಬಿಸಿಲು ಕಾಯ್ದು ರಾತ್ರಿ ಮೈ ಕೊರೆಯೋ ಚಳಿ ಬಿದ್ದರೆ ಇದೆಲ್ಲ ತಲೆಕೆಳಗಾಗುತ್ತೆ ಅಂದರು. ಚಳಿಗೆ ಹುಲ್ಲು ಬೆಳೆಯೋದನ್ನೇ ನಿಲ್ಲಿಸುತ್ತೆ. ಬೆಳೆಯದಿದ್ದ ಮೇಲೆ ಸಕ್ಕರೆ ಖರ್ಚಾಗೋದು ಹೇಗೆ? ಅಡುಗೆ ಆಗಿದೆ, ಊಟಕ್ಕೆ ಯಾರೂ ಬಂದಿಲ್ಲ. ನಿನ್ನೆಯದು ಹಾಗೇ ಉಳಿದಿರುತ್ತೆ, ಇವತ್ತಿನದು ಅದರ ಮೇಲೆ ಬೀಳುತ್ತೆ. ಅಂಥ ಬೆಳಗಿನ ಹುಲ್ಲು ಸಂಜೆಯ ಹುಲ್ಲಿನಷ್ಟೇ ಕೆಟ್ಟದ್ದು. ಇದನ್ನು ಮರೀದೆ ಎಲ್ಲರಿಗೂ ಹೇಳಿ ಅಂದರು. ಹೇಳ್ತೀನಿ ಅಂದೆ.

ಮಾರನೇ ದಿನವೇ ಹುಲ್ಲುಗಾವಲಿನ ಗೇಟಿಗೆ ಬೋರ್ಡ್ ಹಾಕಿದೆ. ಹಸಿರು ತಗಡು, ಅದರ ಮೇಲೆ ಬಿಳಿ ಪೇಂಟಿನಲ್ಲಿ ನನ್ನದೇ ಅಕ್ಷರ. ‘ಅಜ್ಜಿಯನ್ನು ಬೆಳಗ್ಗೆ ಐದೂವರೆಯಿಂದ ಎಂಟೂವರೆವರೆಗೆ ಮಾತ್ರ ಬಿಡುವುದು. ಸಂಜೆ ಬಿಡಬಾರದು.’ ಅಷ್ಟೇ. ಕೆಳಗೆ ಒಂದು ಗೇಣು ಜಾಗ ಇತ್ತು, ಚಳಿಯ ಮಾತು ಅಲ್ಲಿ ಆರಾಮಾಗಿ ಹಿಡೀತಿತ್ತು. ಬರೀಲಿಲ್ಲ. ಬ್ರಷ್ ಕೈಯಲ್ಲಿತ್ತು, ಮಾತು ನೆನಪಿನಲ್ಲೂ ಇತ್ತು, ಆದರೂ ಬರೀಲಿಲ್ಲ. ಚಿಕ್ಕಪ್ಪನಂಥವರಿಗೆ ಎರಡು ಸಾಲಿಗಿಂತ ಹೆಚ್ಚು ಬರೆದರೆ ಒಂದನ್ನೂ ಓದಲ್ಲ, ಚಳಿ ಬಂದಾಗ ಬಾಯಲ್ಲೇ ಹೇಳಿದರಾಯ್ತು ಅಂದುಕೊಂಡೆ. ನೋಡಿ ನನ್ನ ಕೊಬ್ಬು. ಚಳಿಗಾಲದಲ್ಲಿ ಕುದುರೆಗಳೆಲ್ಲ ಒಳಗೇ ಇದ್ದು ಒಣಹುಲ್ಲು ತಿಂದವು, ಆ ಮಾತು ಎತ್ತೋ ಸಂದರ್ಭವೇ ಬರಲಿಲ್ಲ. ಚಳಿ ಹೋಯ್ತು, ಹುಲ್ಲು ಚಿಗುರಿತು, ಅಜ್ಜಿ ಮತ್ತೆ ಬೆಳಗಿನ ಮೇವಿಗೆ ಹೊರಗೆ ಹೋಗೋಕೆ ಶುರುಮಾಡಿದಳು. ಆಗ, ಹೋಗಿದ್ದ ಚಳಿ ಏನೋ ಮರೆತಿದ್ದವರ ಹಾಗೆ ತಿರುಗಿ ಬಂತು.

ಆ ಮೊದಲನೇ ಬೆಳಗ್ಗೆ ನಾನು ಮೇವಿನ ಕೋಣೆಯಲ್ಲಿದ್ದೆ. ಅವತ್ತು ಮಧ್ಯಾಹ್ನ ಪರಿಶೀಲನೆಗೆ ಹೊರಗಿನವರು ಬರೋರಿದ್ದರು, ಒಬ್ಬೊಬ್ಬ ಸವಾರನ ಹೆಲ್ಮೆಟ್ಟನ್ನೂ ಎತ್ತಿ ನೋಡೋ ಜನ. ನನಗೆ ಅದರದ್ದೇ ತಲೆಬಿಸಿ. ಐದೂವರೆಗೆ ಚಿಕ್ಕಪ್ಪ ಅಜ್ಜಿಯ ಹಗ್ಗ ಹಿಡಿದುಕೊಂಡು ಬಾಗಿಲಲ್ಲಿ ಬಂದು ನಿಂತರು.

“ಇವತ್ತು ಬಿಡೋದು ಬೇಡ ಅನ್ಸತ್ತೆ ಕಣಮ್ಮ. ಹುಲ್ಲೆಲ್ಲ ಬೆಳ್ಳಗೆ ಹೆಪ್ಪುಗಟ್ಟಿದೆ, ಕಾಲಿಟ್ರೆ ಕರುಂ ಕರುಂ ಅಂತಿದೆ.”

“ಬೋರ್ಡ್ ಓದಿ ಚಿಕ್ಕಪ್ಪ. ಮತ್ಯಾಕೆ ಬರ್ದು ಹಾಕಿರೋದು ಅದನ್ನ?”

ತಲೆ ಕೂಡ ಎತ್ತಲಿಲ್ಲ ನಾನು. ಆ ಗಳಿಗೆಯಲ್ಲಿ ಡಾಕ್ಟರಮ್ಮನ ಮಾತು ತಲೆಗೆ ಬರಲೇ ಇಲ್ಲ, ಆಣೆ ಮಾಡಿ ಹೇಳ್ತೀನಿ. ಚಿಕ್ಕಪ್ಪ ಆಯ್ತಮ್ಮ ಅಂದು ಹೋದರು. ಹೋಗಿ, ಬೋರ್ಡಿನಲ್ಲಿದ್ದ ಹಾಗೇ ಮಾಡಿದರು. ಮರುದಿನವೂ ಚಳಿ, ಅದರ ಮರುದಿನವೂ ಚಳಿ. ಹಗಲೆಲ್ಲ ಕಣ್ಣು ಕುಕ್ಕೋ ಬಿಸಿಲು. ಮೂರು ಬೆಳಗ್ಗೆ, ಒಂದೊಂದು ದಿನ ಮೂರು ಮೂರು ಗಂಟೆ, ಅಜ್ಜಿ ಆ ಹುಲ್ಲು ತಿಂದಳು.

ನಾಲ್ಕನೇ ದಿನ ಅವಳು ಲಾಯದಿಂದ ಹೊರಗೆ ಬರಲಿಲ್ಲ. ಮುಂಗಾಲು ಎರಡನ್ನೂ ಮುಂದಕ್ಕೆ ಚಾಚಿ, ಭಾರವನ್ನೆಲ್ಲ ಹಿಂಗಾಲಿನ ಮೇಲೆ ಹಾಕಿ, ನಡುಗ್ತಾ ನಿಂತಿದ್ದಳು. ಗೊರಸು ಮುಟ್ಟಿದೆ, ಕಾದ ಪಾತ್ರೆ ಮುಟ್ಟಿದ ಹಾಗಿತ್ತು. ಆಗ ನೆನಪಾಯ್ತು. ಬೇಲಿಯ ಹತ್ತಿರ ಡಾಕ್ಟರಮ್ಮ ನಿಂತಿದ್ದ ಜಾಗವೂ ಸೇರಿ ಎಲ್ಲ ನೆನಪಾಯ್ತು.

ಡಾಕ್ಟರಮ್ಮ ಬಂದರು, ಗೊರಸುಗಳನ್ನು ಮಂಜುಗಡ್ಡೆಯಲ್ಲಿ ಇಡಿಸಿದರು, ಎಕ್ಸ್‌ರೇ ತೆಗೆದರು. ಮೂಳೆ ಸ್ವಲ್ಪ ತಿರುಗಿದೆ ಅಂದರು. ಅಷ್ಟರಲ್ಲಿ ಯಜಮಾನಿ ಬಂದು ನಿಂತಿದ್ದರು. ಈ ಸವಾರಿ ಶಾಲೆ ಅವರದ್ದು; ಅವರ ಮಗಳೂ ಅಜ್ಜಿಯ ಮೇಲೇ ಕಲಿತವಳು. ಡಾಕ್ಟರಮ್ಮ ಎದ್ದು ನಿಂತು, ಕೈ ಒರೆಸಿಕೊಳ್ತಾ, ಯಾರ ಮುಖವನ್ನೂ ನೋಡದೆ ಕೇಳಿದರು.

“ಚಳಿ ಬಿದ್ದ ದಿನ ಬಿಡಬಾರದು ಅಂತ ಹೇಳಿದ್ನಲ್ಲ. ಹೇಳಿರಲಿಲ್ವಾ ನಿಮ್ಮ ಚಿಕ್ಕಪ್ಪನಿಗೆ?”

“ಹೇಳಿದ್ದೆ,” ಅಂದೆ. “ಬೋರ್ಡಲ್ಲೇ ಬರ್ದಿದೀನಿ.”

ಯೋಚನೆ ಮಾಡಿ ಹೇಳಿದ ಸುಳ್ಳಲ್ಲ ಅದು, ಬಿಸಿ ತಾಗಿದರೆ ಕೈ ಹಿಂದಕ್ಕೆ ಬರುತ್ತಲ್ಲ, ಹಾಗೆ ಬಂತು. ಹಾಗಂತ ಅದು ತಪ್ಪು ಅಲ್ಲದೇ ಹೋಗಲ್ಲ. ಯಾಕಂದರೆ ಅದರ ಬೆನ್ನಿಗೇ ನಾನು ಮಾಡಿದ್ದನ್ನು ಯೋಚನೆ ಮಾಡಿಯೇ ಮಾಡಿದೆ. ಎಲ್ಲರೂ ಅಜ್ಜಿಯ ಸುತ್ತ ನಿಂತಿರುವಾಗ ಮೇವಿನ ಕೋಣೆಗೆ ಹೋಗಿ, ಪೇಂಟ್ ಡಬ್ಬಿ ಹುಡುಕಿ, ಗೇಟಿನವರೆಗೆ ಓಡಿ, ಆ ಒಂದು ಗೇಣು ಜಾಗದಲ್ಲಿ ಬರೆದೆ: ‘ಚಳಿ ಬಿದ್ದ ದಿನ ಬಿಡಲೇಬಾರದು.’ ಅಕ್ಷರ ಹಳೆಯದಕ್ಕೆ ಹೊಂದಲಿ ಅಂತ ನಿಧಾನಕ್ಕೆ ಬರೆದೆ. ಹೊಸ ಪೇಂಟ್ ಹೊಳೀತಿತ್ತು. ನೆಲದಿಂದ ಒಣ ಮಣ್ಣು ಹಿಡಿದು ಊದಿದೆ, ಮಂಕಾಯ್ತು. ಎರಡು ಹೆಜ್ಜೆ ಹಿಂದೆ ಸರಿದು, ಸರಿಯಾಗಿದೆಯಾ ಅಂತ ನೋಡಿದೆ ಬೇರೆ.

ಮುಕ್ಕಾಲು ಗಂಟೆ ಆದ ಮೇಲೆ ಯಜಮಾನಿ ಚಿಕ್ಕಪ್ಪನನ್ನು ಕರೆದುಕೊಂಡು ಬೋರ್ಡಿನ ಹತ್ತಿರ ಬಂದರು. ಹಿಂದೆ ನಾನೂ ಹೋದೆ. ಚಿಕ್ಕಪ್ಪ ಕನ್ನಡಕ ಹಾಕಿಕೊಂಡು, ತುಟಿ ಅಲ್ಲಾಡಿಸ್ತಾ, ಮೂರು ಸಾಲನ್ನೂ ಓದಿದರು. ಮೂರನೇ ಸಾಲನ್ನು ಮತ್ತೊಂದು ಸಲ ಓದಿದರು. ಆಮೇಲೆ ನನ್ನ ಕಡೆ ತಿರುಗಿದರು. ಈಗ ಹೇಳೇಬಿಡ್ತಾರೆ ಅಂದುಕೊಂಡೆ.

“ಹೌದು, ಇದೆ,” ಅಂದರು. “ಓದಿ ಅಂತಾನೂ ಹೇಳಿದ್ಲು ಇವಳು. ನಾನೇ ಓದ್ಲಿಲ್ಲ.”

ಯಜಮಾನಿ ಗಟ್ಟಿ ಮಾತಾಡೋರಲ್ಲ. ಇಷ್ಟು ವರ್ಷ ನೀವು ಮಾಡಿದ್ದಕ್ಕೆ ನಾನು ಬೆಲೆ ಕೊಡ್ತೀನಿ, ಆದರೆ ಇನ್ನು ಪ್ರಾಣಿಗಳನ್ನು ನಿಮ್ಮ ಕೈಗೆ ಕೊಡೋಕಾಗಲ್ಲ, ಮನೆಯಲ್ಲಿರಿ ಅಂದರು. ಚಿಕ್ಕಪ್ಪ ತಲೆ ಆಡಿಸಿದರು. ಒಂದು ಸಲ ಅವಳನ್ನು ನೋಡಿಕೊಂಡು ಹೋಗಲಾ ಅಂತ ಕೇಳಿದರು, ಲಾಯಕ್ಕೆ ಹೋದರು, ಅಜ್ಜಿಯ ಕುತ್ತಿಗೆಗೆ ಹಣೆ ಒತ್ತಿ ಸ್ವಲ್ಪ ಹೊತ್ತು ನಿಂತರು. ಆಮೇಲೆ ತಮ್ಮ ಬ್ರಷ್ಷು, ಗೊರಸು ಕೆರೆಯೋ ಕೊಕ್ಕೆ ಎಲ್ಲವನ್ನೂ ತೊಳೆದು ಗೂಟಕ್ಕೆ ನೇತುಹಾಕಿ ಹೊರಟುಹೋದರು. ನಾನು ಎಲ್ಲಿದ್ದೆ ಅಂತೀರಾ? ಮೇವಿನ ಕೋಣೆಯ ಬಾಗಿಲ ಹಿಂದೆ.

ಚಿಕ್ಕಪ್ಪನಿಗೆ ಎಲ್ಲ ಗೊತ್ತು, ಗೊತ್ತಿದ್ದೂ ನನ್ನನ್ನು ಉಳಿಸಿದರು ಅಂತಲೇ ನಾನು ತಿಳಿದಿದ್ದೆ. ದಿನಾ ಆ ಗೇಟು ತೆಗೆದು ಹಾಕೋ ಮನುಷ್ಯ, ಬೋರ್ಡಿನಲ್ಲಿ ಎರಡು ಸಾಲಿತ್ತೋ ಮೂರಿತ್ತೋ ಗೊತ್ತಿರಲ್ವಾ? ಅಣ್ಣನ ಮಗಳು, ಗಂಡ ಬಿಟ್ಟುಹೋದವಳು, ಕೆಲಸ ಕಳೆದುಕೊಂಡರೆ ಬೀದಿಗೆ ಬೀಳ್ತಾಳೆ ಅಂತ ತಾವೇ ಹೊತ್ತುಕೊಂಡರು ಅಂದುಕೊಂಡೆ. ಹಾಗೆ ಅಂದುಕೊಂಡಾಗ ಕಣ್ಣಲ್ಲಿ ನೀರು ಬರ್ತಿತ್ತು, ಜೊತೆಗೆ ನಿದ್ದೆಯೂ ಬರ್ತಿತ್ತು. ಅವರಾಗೇ ಕೊಟ್ಟಿದ್ದನ್ನು ನಾನು ತಗೊಂಡೆ ಅಷ್ಟೇ ಅಂತ ಸಮಾಧಾನ. ಎಂಥ ಸಮಾಧಾನ ಅದು, ಥೂ.

ಅವರ ಮನೆ ಕಡೆ ತಲೆ ಹಾಕಲಿಲ್ಲ. ಎರಡು ಸಲ ಫೋನ್ ಮಾಡಿದೆ, ಎರಡು ಸಲವೂ ಚಿಕ್ಕಮ್ಮ ಎತ್ತಿ, ಮಲಗಿದ್ದಾರೆ ಅಂದರು. ಬಚಾವ್ ಅನ್ನಿಸಿತು. ದಿನಾ ಬೆಳಗ್ಗೆ ಬಸ್ಸಿನಲ್ಲಿ ಕೂತು ಇವತ್ತು ಯಜಮಾನಿಗೆ ಹೇಳೇ ಹೇಳ್ತೀನಿ ಅಂತ ಮಾತು ಜೋಡಿಸ್ತಿದ್ದೆ. ಗೇಟು ದಾಟೋ ಹೊತ್ತಿಗೆ ಬಾಯಿ ಒಣಗ್ತಿತ್ತು. ಒಂದು ದಿನ ಅವರೇ ನನ್ನ ಹೆಗಲ ಮೇಲೆ ಕೈಯಿಟ್ಟು, ನೀವು ಬರೆದು ಹಾಕಿದ್ದಿರಿ, ಬಾಯಲ್ಲೂ ಹೇಳಿದ್ದಿರಿ, ಇನ್ನೇನು ಮಾಡೋಕಾಗ್ತಿತ್ತು, ಬೇಗ ಮನೆಗೆ ಹೋಗಿ ಸ್ವಲ್ಪ ಮಲಗಿ ಅಂದರು. ಮನೆಗೆ ಹೋಗಿ, ಬಾಗಿಲು ಹಾಕಿ, ನನ್ನ ಕೆನ್ನೆಗೆ ನಾನೇ ಹೊಡೆದುಕೊಂಡೆ. ಮಾರನೇ ದಿನ ಮತ್ತೆ ಸುಮ್ಮನೇ ಕೆಲಸಕ್ಕೆ ಬಂದೆ.

ಹನ್ನೊಂದನೇ ದಿನ ಡಾಕ್ಟರಮ್ಮನ ಜೊತೆ ಲಾಳ ಹೊಡೆಯೋನು ಬಂದ. ಅಜ್ಜಿಯ ಗೊರಸಿನ ಮುಂದಿನ ಭಾಗ ಕೆತ್ತಿ, ಹಿಂಭಾಗಕ್ಕೆ ಆಸರೆ ಕೊಡೋ ವಿಶೇಷ ಲಾಳ ಕೂರಿಸಬೇಕಿತ್ತು. ಆದರೆ ಒಂದು ಕಾಲೆತ್ತಿದರೆ ಭಾರವೆಲ್ಲ ನೋಯ್ತಿರೋ ಇನ್ನೊಂದರ ಮೇಲೆ ಬೀಳುತ್ತಲ್ಲ, ಅವಳು ಎತ್ತೋಕೇ ಬಿಡಲಿಲ್ಲ. ಲಾಳದವನನ್ನು ಗೋಡೆಗೆ ಒತ್ತಿದಳು. ನಾನು ಹಿಡಿದೆ, ನನ್ನನ್ನು ತಳ್ಳಿದಳು. ಮತ್ತಿನ ಔಷಧ ಕೊಟ್ಟರೆ ಕುಸಿದು ಬೀಳೋ ಹಾಗಾದಳು. ಡಾಕ್ಟರಮ್ಮ ಬೆವರು ಒರೆಸಿಕೊಂಡು, ಇನ್ನೆರಡು ದಿನದಲ್ಲಿ ಆಸರೆ ಕೂರದಿದ್ದರೆ ಇವಳನ್ನು ನರಳಿಸೋಕೆ ನನ್ನ ಮನಸ್ಸು ಒಪ್ಪಲ್ಲ ಅಂದರು. ಯಾರ ಮಾತಾದರೂ ಕೇಳ್ತಾಳಾ ಅಂತ ಕೇಳಿದರು. ಎಲ್ಲರಿಗೂ ಉತ್ತರ ಗೊತ್ತಿತ್ತು. ಚಿಕ್ಕಪ್ಪ ತಮ್ಮ ಭುಜವನ್ನು ಅವಳ ಭುಜಕ್ಕೆ ಕೊಟ್ಟು, ಏನೋ ಗುನುಗ್ತಾ ನಿಂತರೆ ಅಜ್ಜಿ ಅವರ ಮೇಲೆ ಭಾರ ಬಿಟ್ಟು ಕಾಲು ಕೊಡ್ತಿದ್ದಳು. ನಲವತ್ತು ವರ್ಷದ ಕೈ ಅದು.

ಯಜಮಾನಿ ಅವತ್ತು ಸಂಜೆಯವರೆಗೆ ಇರಲಿಲ್ಲ. ಅವರು ಬರೋದರೊಳಗೆ ಚಿಕ್ಕಪ್ಪನನ್ನು ಹಿಂದಿನ ಬಾಗಿಲಿನಿಂದ ಕರೆತಂದು, ಕೆಲಸ ಮುಗಿಸಿ, ವಾಪಸ್ ಬಿಟ್ಟುಬರೋಣ ಅಂತ ನಾನು ಹೊರಟೆ. ಆಗಲೂ ಒಪ್ಪಿಕೊಳ್ಳೋ ಯೋಚನೆ ನನಗಿರಲಿಲ್ಲ, ಮುಚ್ಚಿಡೋದೇನಿದೆ.

ಚಿಕ್ಕಪ್ಪನ ಮನೆ ಮೂರನೇ ಮಹಡಿಯಲ್ಲಿ, ಎರಡು ಕೋಣೆ. ಚಿಕ್ಕಮ್ಮ ಬಾಗಿಲು ತೆಗೆದು, ಬಾ ಅಂತಲೂ ಹೇಳದೆ ಒಳಗೆ ಹೋದರು. ಬಾಗಿಲ ಒಳಬದಿ ಒಂದು ಕಾಗದ ಅಂಟಿಸಿತ್ತು. ಚಿಕ್ಕಪ್ಪನ ಸೊಟ್ಟ ಅಕ್ಷರದಲ್ಲಿ ‘ಕೀಲಿ. ಕನ್ನಡಕ. ಗ್ಯಾಸ್ ಆಫ್’ ಅಂತ ಬರೆದಿತ್ತು. ಅಡುಗೆಮನೆಯಲ್ಲಿ ಡಬ್ಬಿಗಳ ಮೇಲೆ ಚೀಟಿ. ಗೋಡೆಯ ಕ್ಯಾಲೆಂಡರಿನಲ್ಲಿ ಕಳೆದ ದಿನಗಳಿಗೆಲ್ಲ ಗೀಟು. ಚಿಕ್ಕಪ್ಪ ಮಂಚದ ಮೇಲೆ ಕೂತಿದ್ದರು, ತೊಡೆಯ ಮೇಲೆ ಶಾಲೆ ಮಕ್ಕಳ ನೋಟ್‌ಬುಕ್. ಇಳಿದು ಅರ್ಧ ಆಗಿದ್ದರು. ನನ್ನನ್ನು ನೋಡಿ ನಕ್ಕು, ನೀನು ಬಂದಿದ್ದನ್ನು ಬರೆದುಕೊಳ್ತೀನಿ ಇರು ಅಂದರು.

ಅಜ್ಜಿಯ ವಿಷಯ ಹೇಳಿದೆ. ಬನ್ನಿ, ಒಂದು ಗಂಟೆಯ ಕೆಲಸ ಅಂದೆ. ಅವರು ಮಂಚದ ಮೇಲೆ ಹಿಂದಕ್ಕೆ ಸರಿದರು.

“ಬೇಡ ಕಣಮ್ಮ. ನನ್ನ ಕೈಗೆ ಕೊಡಬೇಡ ಅವಳನ್ನ. ನನಗೆ ಮರೆವು ಬಂದಿದೆ.”

ಯಾರು ಹೇಳಿದ್ದು ಅಂತ ಕೇಳಿದೆ. ಯಾರು ಯಾಕೆ ಹೇಳಬೇಕು, ನನಗೆ ಗೊತ್ತಾಗಲ್ವಾ ಅಂದರು. ನಿಧಾನಕ್ಕೆ, ನನಗೆ ಅರ್ಥವಾಗಲಿ ಅಂತ ಬಿಡಿಸಿ ಹೇಳಿದರು. ಒಂದು ವರ್ಷ ದಿನಾ ಆ ಬೋರ್ಡಿನ ಮುಂದೆ ಓಡಾಡಿದ್ದೀನಿ. ಎರಡೇ ಸಾಲು ಅಂತ ಪ್ರಮಾಣ ಮಾಡಿ ಹೇಳ್ತಿದ್ದೆ. ಹೋಗಿ ನೋಡಿದರೆ ಮೂರನೇದು ಅಲ್ಲೇ ಇದೆ, ಅದೂ ಮಣ್ಣು ಹಿಡಿದು ಹಳೆಯದಾಗಿದೆ. ನೀನು ಬಾಯಲ್ಲಿ ಹೇಳಿದೆಯಂತೆ, ಅದೂ ನೆನಪಿಲ್ಲ. ಅವತ್ತು ಬೆಳಗ್ಗೆ ಓದಿ ಅಂದೆ, ಓದಿದೆ ಅಂತಲೇ ಅಂದುಕೊಂಡೆ, ಓದಿಲ್ಲ. ಕಣ್ಣೆದುರು ಇರೋದು ಕಾಣದೇ ಹೋಗೋದು, ಇಲ್ಲದ್ದು ಇದ್ದ ಹಾಗೆ ಅನ್ನಿಸೋದು.

“ನಿಮ್ಮಪ್ಪಂಗೂ ಹೀಗೇ ಶುರುವಾಗಿದ್ದು,” ಅಂದರು.

ನಾನು ನೆಲದ ಮೇಲೆ ಕೂತೆ. ಇವರು ನನ್ನನ್ನು ಉಳಿಸಿರಲಿಲ್ಲ. ನನ್ನನ್ನು ನಂಬಿದ್ದರು. ನಾನು ದೊಡ್ಡತನ ಅಂದುಕೊಂಡು ನಿದ್ದೆ ಮಾಡಿದ್ದು ಇವರ ಭಯದ ಮೇಲೆ. ಅಪ್ಪನ ಬಾಯಿಗೆ ತುತ್ತಿಟ್ಟ ಮನುಷ್ಯ ಹನ್ನೊಂದು ದಿನದಿಂದ ತನ್ನ ಸರದಿ ಬಂತು ಅಂತ ಕಾಯ್ತಾ ಕೂತಿದ್ದರು.

“ಇರಲಿಲ್ಲ ಚಿಕ್ಕಪ್ಪ,” ಅಂದೆ. “ಮೂರನೇ ಸಾಲು ಇರಲೇ ಇಲ್ಲ. ಅಜ್ಜಿ ಕಾಯಿಲೆ ಬಿದ್ದ ದಿನ ನಾನು ಬರ್ದಿದ್ದು. ಮಣ್ಣು ಊದಿದ್ದೂ ನಾನೇ. ಬಾಯಲ್ಲಿ ನಾನು ಏನೂ ಹೇಳಿರಲಿಲ್ಲ.”

ಅವರು ನೋಟ್‌ಬುಕ್ ಮುಚ್ಚಿದರು. ಹೊಡೆಯಲಿ ಅಂತ ಕಾದೆ. ಬೈಯಲಿ, ಮುಖಕ್ಕೆ ಉಗಿಯಲಿ, ಏನಾದರೂ ಮಾಡಲಿ.

“ಎರಡೇ ಸಾಲಿತ್ತಾ?” ಅಂದರು.

ಎರಡೇ ಅಂದೆ.

“ನೀನು ಹೇಳಿರ್ಲಿಲ್ವಾ?”

ಇಲ್ಲ ಅಂದೆ.

“ಹಾಗಾದ್ರೆ ನಾನು ಮರ್ತಿಲ್ಲ.” ಮತ್ತೆ ಹೇಳಿದರು, ಈ ಸಲ ಅಡುಗೆಮನೆಯ ಕಡೆ ತಿರುಗಿ, ಗಟ್ಟಿಯಾಗಿ. “ಕೇಳಿಸ್ತೇನೆ? ನಾನು ಮರ್ತಿಲ್ಲ ಕಣೇ! ಇರ್ಲೇ ಇಲ್ವಂತೆ ಅದು!”

ನಗ್ತಿದ್ದರು. ಅಳ್ತಾ ಇದ್ದರೇನೋ, ಎರಡೂ ಒಟ್ಟಿಗೆ. ನನ್ನ ತಲೆ ಸವರಿದರು, ಒಳ್ಳೇ ಸುದ್ದಿ ತಂದವರಿಗೆ ಸವರೋ ಹಾಗೆ. ಆ ಕೈ ನನ್ನ ತಲೆಯ ಮೇಲಿದ್ದಾಗ ಅನ್ನಿಸಿದ್ದನ್ನು ಯಾವ ಮಾತಲ್ಲಿ ಹೇಳಲಿ, ಭೂಮಿ ಬಾಯಿ ಬಿಡಬಾರದಾ ಅನ್ನಿಸಿತು.

ಚಿಕ್ಕಮ್ಮ ಬಂದು ನಿಂತಿದ್ದರು. ಎಲ್ಲ ಕೇಳಿಸಿಕೊಂಡಿದ್ದರು. ನನ್ನ ಬ್ಯಾಗಿನ ಮೇಲಿದ್ದ ಫೋನ್ ತೆಗೆದು ನನ್ನ ಕೈಗಿಟ್ಟರು. ಯಾರಿಗೆ ಅಂತ ಕೇಳೋ ಅಗತ್ಯ ಇರಲಿಲ್ಲ. ಅವರ ಎದುರಿಗೇ ಯಜಮಾನಿಗೆ ಫೋನ್ ಮಾಡಿದೆ, ಬೋರ್ಡು, ಪೇಂಟು, ಮಣ್ಣು, ಒಂದನ್ನೂ ಬಿಡದೆ ಹೇಳಿದೆ. ಯಜಮಾನಿ, ಅವರನ್ನ ಈಗಲೇ ಕರ್ಕೊಂಡು ಹೋಗಿ, ನಿಮ್ಮ ವಿಷಯ ನಾಳೆ ಮಾತಾಡೋಣ ಅಂದು ಇಟ್ಟುಬಿಟ್ಟರು.

ನಾನು ಮಾತು ಮುಗಿಸೋ ಹೊತ್ತಿಗೆ ಚಿಕ್ಕಪ್ಪ ಅಂಗಿ ಬದಲಾಯಿಸಿ, ಬೂಟು ಹಾಕಿಕೊಂಡು, ಲೇಸು ಕಟ್ಟೋಕೂ ಪುರುಸೊತ್ತಿಲ್ಲದೆ ಮೆಟ್ಟಿಲಿಳೀತಿದ್ದರು. ಬಾಗಿಲಿನ ಕಾಗದದ ಕಡೆ ನೋಡಲೂ ಇಲ್ಲ. ಮುಂಗಾಲು ಎರಡರಲ್ಲೂ ಮೂಳೆ ತಿರುಗಿದೆಯಾ ಅಂತ ಅಲ್ಲಿಂದಲೇ ಕೇಳಿದರು. ನಾನೂ ಹೊರಟೆ. ಚಿಕ್ಕಮ್ಮ ಹೊಸ್ತಿಲಲ್ಲಿ ನನ್ನ ತೋಳು ಹಿಡಿದು ನಿಲ್ಲಿಸಿದರು. ಬೈತಾರೆ ಅಂದುಕೊಂಡೆ. ಅವರ ದನಿ ಏರಲೇ ಇಲ್ಲ.

“ಹನ್ನೊಂದು ದಿನ ಕಣೆ,” ಅಂದರು. “ದಿನಾ ಬೆಳಗ್ಗೆ ಕಣ್ಣು ಬಿಟ್ಟ ತಕ್ಷಣ ನನ್ನ ಮುಖ ನೋಡಿ ನನ್ನ ಹೆಸರು ಹೇಳೋರು. ಸರಿನಾ ಅಂತ ಕೇಳೋರು. ನಾನು ಸರಿ ಅಂದ್ಮೇಲೇನೇ ಹಾಸಿಗೆಯಿಂದ ಏಳೋರು.”

ತೋಳು ಬಿಟ್ಟು ಬಾಗಿಲು ಹಾಕಿಕೊಂಡರು. ಕೆಳಗಿನಿಂದ ಚಿಕ್ಕಪ್ಪ ನನ್ನ ಹೆಸರು ಹಿಡಿದು ಕೂಗ್ತಾ ಇದ್ದರು, ಹೊತ್ತಾಯ್ತು, ಬೇಗ ಬಾ ಅಂತ.